ತಿಪ್ಪೆಯ ಗೊಬ್ಬರ, ಹಿತ್ತಲ ಮಡಿ: ಚಳಿಗಾಲದ ತರಕಾರಿಯನ್ನು ಬೀಜದಿಂದ ಬೆಳೆಸುವ ಕ್ರಮ



ಹಸು ನೋಡಲು ನಿಮ್ಮ ಮನೆಗೆ ಬಂದಾಗ ನಾವು ಪಶುವೈದ್ಯರು ಕೇಳುವ ಮೊದಲ ಪ್ರಶ್ನೆ, "ಹಸಿರು ಮೇವು ಎಷ್ಟು ಹಾಕುತ್ತಿದ್ದೀರಿ?" ಎಂಬುದು. ನೀವು ತಡವರಿಸದೆ ಲೆಕ್ಕ ಹೇಳುತ್ತೀರಿ. ಬೆಳಿಗ್ಗೆ ಒಂದು ಹೊರೆ ನೇಪಿಯರ್, ಸಂಜೆ ಜೋಳದ ಸೆಪ್ಪೆ, ಹಿಂಡಿಯ ಜೊತೆ ಖನಿಜ ಮಿಶ್ರಣ. ಅದೇ ಪ್ರಶ್ನೆಯನ್ನು ನಿಮ್ಮ ಸ್ವಂತ ತಟ್ಟೆಯ ಬಗ್ಗೆ ಕೇಳಿದರೆ ಲೆಕ್ಕ ಅಷ್ಟು ಸಲೀಸಾಗಿ ಬರುವುದಿಲ್ಲ. ಸಂತೆಯ ದಿನ ತಂದ ತರಕಾರಿ ಎರಡು ಮೂರು ದಿನ ಬರುತ್ತದೆ. ಆಮೇಲೆ ಮುದ್ದೆಗೆ ಬೇಳೆಸಾರು, ಅದೂ ಇಲ್ಲದಿದ್ದರೆ ಹುಳಿಗೊಜ್ಜು. ಸೊಪ್ಪು ಇದ್ದ ದಿನ ಮೊದಲು ಮಕ್ಕಳಿಗೆ, ಆಮೇಲೆ ಗಂಡಸರಿಗೆ, ಪಾತ್ರೆಯ ತಳದಲ್ಲಿ ಉಳಿದಿದ್ದು ನಿಮಗೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿತ್ತಲಲ್ಲಿ ನಾಲ್ಕು ಸಾಲು ಸೊಪ್ಪು ಬೆಳೆದ ಮಾತ್ರಕ್ಕೆ ರಕ್ತಹೀನತೆ ವಾಸಿಯಾಗುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡುವಂತಿಲ್ಲ. ಆದರೆ ದಿನವೂ ಮನೆಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ಸೊಪ್ಪು ತರಕಾರಿ ಇದ್ದರೆ ಪಾತ್ರೆಯ ತಳದ ಪಾಲು ನಿಮ್ಮದಾಗುವುದು ತಪ್ಪುತ್ತದೆ. ಅದಕ್ಕೆ ಬೇಕಾದ ಮುಖ್ಯ ಬಂಡವಾಳ, ಅಂದರೆ ಗೊಬ್ಬರ, ನಿಮ್ಮ ತಿಪ್ಪೆಯಲ್ಲಿ ಆಗಲೇ ಬಿದ್ದಿದೆ. ಹತ್ತಡಿ ಉದ್ದ ಹತ್ತಡಿ ಅಗಲದ ಜಾಗ, ದಿನಕ್ಕೆ ಅರ್ಧ ಗಂಟೆಯ ಕೆಲಸ ಸಾಕು.

ಯಾವಾಗ ಶುರು ಮಾಡಬೇಕು

ಎಲೆಕೋಸು, ಹೂಕೋಸು, ನವಿಲುಕೋಸು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಬಟಾಣಿ, ಪಾಲಕ್, ಮೆಂತ್ಯ, ಕೊತ್ತಂಬರಿ ಇವೆಲ್ಲ ತಂಪು ಬಯಸುವ ಬೆಳೆಗಳು. ನಮ್ಮ ಬಯಲುಸೀಮೆಯಲ್ಲಿ ಅಂಥ ತಂಪು ಸಿಗುವುದು ನವೆಂಬರಿನಿಂದ ಫೆಬ್ರವರಿ ಮೊದಲ ಭಾಗದವರೆಗೆ ಮಾತ್ರ. ಶಿವರಾತ್ರಿ ಕಳೆದರೆ ಬಿಸಿಲು ಏರುತ್ತದೆ. ಮೂಲಂಗಿ ಖಾರವಾಗಿ ಬೆಂಡಾಗುತ್ತದೆ, ಕೊತ್ತಂಬರಿ ಬೇಗ ಹೂವಿಗೆ ಬರುತ್ತದೆ, ಹೂಕೋಸು ಬಿಗಿಯಾಗಿ ಕಟ್ಟದೆ ಬಿರಿಯುತ್ತದೆ. ಆದ್ದರಿಂದ ಬೆಳೆಯ ಬಹುಪಾಲು ದಿನಗಳು ಚಳಿಯಲ್ಲಿ ಕಳೆಯುವಂತೆ ಹಿಂದಿನಿಂದ ಲೆಕ್ಕ ಹಾಕಬೇಕು.

ಕೋಸಿನ ಸಸಿ ನಾಟಿಗೆ ಬರಲು 25ರಿಂದ 30 ದಿನ ಬೇಕು. ಹಸ್ತ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಲ್ಲಿ, ಸಸಿಮಡಿಗೆ ಬೀಜ ಹಾಕಿದರೆ ಚಿತ್ತೆ ಮಳೆ ಮುಗಿದು ಸ್ವಾತಿ ಮಳೆ ನಡೆಯುವಾಗ ನಾಟಿ ಮಾಡಬಹುದು. ಎರಡನೇ ಕಂತಿನ ಬೀಜವನ್ನು ಹದಿನೈದು ದಿನ ಬಿಟ್ಟು ಹಾಕಿ. ಒಂದೇ ಸಲ ಹಾಕಿದರೆ ಇಪ್ಪತ್ತು ಎಲೆಕೋಸು ಒಂದೇ ವಾರದಲ್ಲಿ ಬಲಿತು ನಿಲ್ಲುತ್ತವೆ. ಮನೆಯವರು ತಿಂದು ಮುಗಿಸಲಾಗುವುದಿಲ್ಲ.

ಬೀಜಗಳಲ್ಲಿ ಎರಡು ಬಗೆ

ಕೋಸಿನ ಜಾತಿಯವು ಮೂರನ್ನೂ ಸಸಿಮಡಿಯಲ್ಲಿ ಬೆಳೆಸಿ ಕಿತ್ತು ನಾಟಿ ಮಾಡಬೇಕು. ಮೂಲಂಗಿ ಮತ್ತು ಕ್ಯಾರೆಟ್ ಹಾಗಲ್ಲ. ಅವುಗಳ ತಾಯಿಬೇರೇ ನಾವು ತಿನ್ನುವ ಗೆಡ್ಡೆ. ಕಿತ್ತು ನೆಟ್ಟರೆ ಬೇರು ಮುರಿದು ಗೆಡ್ಡೆ ಕವಲೊಡೆಯುತ್ತದೆ, ಸೊಟ್ಟಗಾಗುತ್ತದೆ. ಅವನ್ನೂ, ಬೀಟ್‌ರೂಟ್, ಬಟಾಣಿ ಮತ್ತು ಸೊಪ್ಪುಗಳನ್ನೂ ಬೆಳೆಯುವ ಜಾಗದಲ್ಲೇ ಬಿತ್ತಬೇಕು.

ಬೀಜ ಕೊಳ್ಳುವಾಗ

ಒಂದು ಗ್ರಾಂ ಎಲೆಕೋಸಿನ ಬೀಜದಲ್ಲಿ ಸುಮಾರು 250ರಿಂದ 300 ಕಾಳು ಇರುತ್ತವೆ. ಒಂದು ಮನೆಗೆ ಬೇಕಾದ್ದು ಮೂವತ್ತು ನಲವತ್ತು ಕಾಳು. ಹತ್ತು ಗ್ರಾಂ ಪೊಟ್ಟಣವನ್ನು ಸಂಘದ ಹತ್ತು ಸದಸ್ಯೆಯರು ಹಂಚಿಕೊಂಡರೂ ಮಿಗುತ್ತದೆ. ಒಬ್ಬರು ಎಲೆಕೋಸು, ಇನ್ನೊಬ್ಬರು ಕ್ಯಾರೆಟ್, ಮತ್ತೊಬ್ಬರು ಪಾಲಕ್ ಕೊಂಡು ಹಾಲು ಹಾಕಲು ಬಂದಾಗ ಹಂಚಿಕೊಂಡರೆ ಖರ್ಚು ಕೈಗೆ ಹತ್ತುವುದಿಲ್ಲ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಮೂಲಂಗಿ, ಅರ್ಕಾ ಸೂರಜ್ ಕ್ಯಾರೆಟ್, ಅರ್ಕಾ ಅನುಪಮ ಪಾಲಕ್, ಅರ್ಕಾ ಇಶಾ ಕೊತ್ತಂಬರಿ, ಅರ್ಕಾ ಅಜಿತ್ ಬಟಾಣಿ ನಮ್ಮ ಹವೆಗೆ ಒಗ್ಗುವ ತಳಿಗಳು. ಎಲೆಕೋಸಿನಲ್ಲಿ ಗೋಲ್ಡನ್ ಏಕರ್ ಬೇಗ ಬರುವ, ಸಣ್ಣ ಗಾತ್ರದ ತಳಿ. ನವಿಲುಕೋಸಿನಲ್ಲಿ ವೈಟ್ ವಿಯೆನ್ನಾ ಹಳೆಯ, ನಂಬಿಕೆಯ ತಳಿ. ಹೂಕೋಸಿನಲ್ಲಿ ಮಾತ್ರ ಎಚ್ಚರ ಬೇಕು. ಬೆಟ್ಟದ ಚಳಿಗೆಂದೇ ಇರುವ ತಳಿಯನ್ನು ಬಯಲುಸೀಮೆಯಲ್ಲಿ ಹಾಕಿದರೆ ಬರೀ ಎಲೆ ಬರುತ್ತದೆ. ಅಂಗಡಿಯಲ್ಲಿ "ಈ ತಿಂಗಳು ಬಿತ್ತುವ ತಳಿ ಕೊಡಿ" ಎಂದೇ ಕೇಳಿ. ಪೊಟ್ಟಣದ ಮೇಲಿನ ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಎರಡನ್ನೂ ನೋಡಿ.

ಹಳೆಯ ಬೀಜ ಮನೆಯಲ್ಲಿದ್ದರೆ ಎಸೆಯುವ ಮೊದಲು ಪರೀಕ್ಷಿಸಿ. ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತೇವ ಆರದಂತೆ ಇಡಿ. ವಾರದಲ್ಲಿ ಏಳಕ್ಕಿಂತ ಹೆಚ್ಚು ಮೊಳೆತರೆ ಬಿತ್ತಬಹುದು. ಕ್ಯಾರೆಟ್ ಮತ್ತು ಕೊತ್ತಂಬರಿಗೆ ಎರಡು ವಾರ ಕಾಯಬೇಕು. ಅರ್ಧದಷ್ಟು ಮಾತ್ರ ಮೊಳೆತರೆ ಎರಡರಷ್ಟು ಬೀಜ ಹಾಕಿ.

ಕೆಲವು ಬೀಜಗಳಿಗೆ ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದಿರುತ್ತದೆ. ಅದು ಶಿಲೀಂಧ್ರನಾಶಕ, ಅಂದರೆ ವಿಷ. ಬಿತ್ತಿದ ಮೇಲೆ ಕೈ ತೊಳೆಯಿರಿ. ಉಳಿದ ಬೀಜವನ್ನು ಕೋಳಿಗೆ ಚೆಲ್ಲಬೇಡಿ, ಬೂಸಾದ ಜೊತೆ ಬೆರೆಸಬೇಡಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ಗೊಬ್ಬರ ಕಳಿತಿದೆಯೇ?

ದೊಡ್ಡ ಹಸು ದಿನಕ್ಕೆ 10ರಿಂದ 15 ಕಿಲೋ ಸಗಣಿ ಹಾಕುತ್ತದೆ. ಗೊಬ್ಬರದ ಪ್ರಮಾಣಕ್ಕೆ ನಿಮಗೆ ಕೊರತೆಯಿಲ್ಲ. ನೋಡಬೇಕಾದ್ದು ಅದರ ಹದ. ಹಸಿ ಸಗಣಿ, ಅರೆಕಳಿತ ಗೊಬ್ಬರ ಹಾಕಿದರೆ ಅದು ಕೊಳೆಯುವಾಗ ಬಿಸಿ ಏಳುತ್ತದೆ, ಅಮೋನಿಯಾ ಬಿಡುತ್ತದೆ, ಎಳೆ ಬೇರು ಸುಡುತ್ತದೆ. ಗೊಣ್ಣೆಹುಳು, ಕಳೆಬೀಜ ಮಡಿಗೆ ಬರುತ್ತವೆ.

ತಿಪ್ಪೆಯ ಮೇಲಿನ ಪದರ ಸರಿಸಿ, ಕನಿಷ್ಠ ನಾಲ್ಕಾರು ತಿಂಗಳು ಕಳಿತ ತಳದ ಗೊಬ್ಬರ ತೆಗೆಯಿರಿ. ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು. ಸಗಣಿಯ ವಾಸನೆ ಹೋಗಿ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹುಲ್ಲಿನ ಎಳೆ ಗುರುತು ಸಿಗಬಾರದು. ಜರಡಿ ಹಿಡಿದು, ಸಿಕ್ಕ ಗೊಣ್ಣೆಹುಳುಗಳನ್ನು ಕೋಳಿಗಳ ಮುಂದೆ ಹಾಕಿ. ಹತ್ತು ಕಿಲೋ ಗೊಬ್ಬರಕ್ಕೆ ನೂರು ಗ್ರಾಂ ಟ್ರೈಕೋಡರ್ಮಾ ಪುಡಿ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ ಹತ್ತು ಹದಿನೈದು ದಿನ ಇಡಿ. ಸಸಿ ಕೊಳೆಸುವ ಶಿಲೀಂಧ್ರವನ್ನು ಟ್ರೈಕೋಡರ್ಮಾ ಹತ್ತಿಕ್ಕುತ್ತದೆ.

ಇಲ್ಲಿ ಪಶುವೈದ್ಯರಾಗಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು, ಅದರಿಂದ ಒದ್ದೆಯಾದ ಹುಲ್ಲು ಯಾವುದನ್ನೂ ತಿಪ್ಪೆಗೆ ಎಸೆಯಬೇಡಿ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರಿಗೂ ತಗಲುತ್ತದೆ. ವಾರಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು ತರುತ್ತದೆ. ಕೈಗವಸು ಹಾಕಿಕೊಂಡು, ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿ. ಗರ್ಭಿಣಿಯರು ಆ ಕೆಲಸಕ್ಕೆ ಹೋಗಲೇಬಾರದು. ಹಾಗೆಯೇ ಹಸಿ ಸಗಣಿ ಬಗ್ಗಡವನ್ನು ಬೆಳೆದ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಮೇಲೆ ಚೆಲ್ಲಬೇಡಿ. ಹಸಿಯಾಗಿ ತಿನ್ನುವ ತರಕಾರಿಯಲ್ಲಿ ಸಗಣಿಯ ರೋಗಾಣು ನೇರ ಹೊಟ್ಟೆಗೆ ಹೋಗುತ್ತದೆ.

ಸಸಿಮಡಿ

ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗ ಆರಿಸಿ. ಮಣ್ಣು ಅಗೆದು ಹೆಂಟೆ ಒಡೆದು ಅರ್ಧ ಅಡಿ ಎತ್ತರದ ಏರುಮಡಿ ಮಾಡಿ. ಮೂರಡಿ ಅಗಲ, ಮೂರಡಿ ಉದ್ದ ಒಂದು ಮನೆಗೆ ಸಾಕು. ಒಂದು ಮಂಕರಿ ಗೊಬ್ಬರ ಬೆರೆಸಿ ಮೇಲ್ಮೈ ಸಮ ಮಾಡಿ. ಜಾಗವಿಲ್ಲದವರು ತಳಕ್ಕೆ ತೂತು ಮಾಡಿದ ಹಳೆಯ ಟಬ್ಬಿನಲ್ಲಿ ಮಣ್ಣು, ಮರಳು, ಗೊಬ್ಬರವನ್ನು ಸಮವಾಗಿ ಬೆರೆಸಿ ತುಂಬಬಹುದು.

ಬೀಜವನ್ನು ರಾಗಿ ಚೆಲ್ಲುವಂತೆ ಚೆಲ್ಲಬೇಡಿ. ನಾಲ್ಕು ಬೆರಳು ಅಂತರದಲ್ಲಿ ಗೀರು ಎಳೆದು, ಗೀರಿನಲ್ಲಿ ಒಂದು ಬೆರಳಿಗೊಂದು ಕಾಳು ಹಾಕಿ. ಯಾವ ಬೀಜವೇ ಆಗಲಿ, ಅದರ ದಪ್ಪದ ಎರಡು ಮೂರು ಪಟ್ಟು ಆಳದಲ್ಲಿದ್ದರೆ ಸಾಕು. ಕೋಸಿನ ಬೀಜ ಸಾಸಿವೆಯಷ್ಟು ಸಣ್ಣದು. ಅರ್ಧ ಬೆರಳಿನ ಆಳ ದಾಟಿದರೆ ಮೊಳಕೆ ಮೇಲೆ ಬರುವಷ್ಟರಲ್ಲಿ ಸೋಲುತ್ತದೆ. ಜರಡಿ ಹಿಡಿದ ಗೊಬ್ಬರವನ್ನು ತೆಳುವಾಗಿ ಉದುರಿಸಿ, ಮೇಲೆ ತೆಂಗಿನ ಗರಿ ಅಥವಾ ಒದ್ದೆ ಗೋಣಿಚೀಲ ಹೊದಿಸಿ. ಇರುವೆ ಬೀಜ ಹೊರುತ್ತಿದ್ದರೆ ಮಡಿಯ ಸುತ್ತ ಒಲೆಯ ಬೂದಿ ಹಾಕಿ.

ನಾಲ್ಕನೇ ದಿನದಿಂದ ಬೆಳಿಗ್ಗೆ ಸಂಜೆ ಹೊದಿಕೆ ಎತ್ತಿ ನೋಡಿ. ಮೊಳಕೆ ಕಂಡ ದಿನವೇ ಹೊದಿಕೆ ತೆಗೆಯಬೇಕು. ಇನ್ನೊಂದು ದಿನ ಇರಲಿ ಎಂದು ಬಿಟ್ಟರೆ ಸಸಿ ಬೆಳಕು ಹುಡುಕುತ್ತಾ ನೂಲಿನಂತೆ ಉದ್ದವಾಗುತ್ತದೆ. ಅಂಥ ಸಸಿ ಮುಂದೆ ನಿಲ್ಲುವುದಿಲ್ಲ. ಕೋಳಿಗಳು ಕೆದಕದಂತೆ ಹಳೆಯ ಸೊಳ್ಳೆಪರದೆ ಕಟ್ಟಿ.

ನೀರನ್ನು ಬೆಳಿಗ್ಗೆ ಹೂಹನಿಯಂತೆ ಚಿಮುಕಿಸಿ. ಸಂಜೆ ಹಾಕಿದರೆ ರಾತ್ರಿಯೆಲ್ಲ ಬುಡ ಒದ್ದೆಯಾಗಿರುತ್ತದೆ. ಕೊಟ್ಟಿಗೆ ತೊಳೆದ ನೀರನ್ನು ಸಸಿಮಡಿಗೆ ಬಿಡಬೇಡಿ. ಅದರಲ್ಲಿ ಗಂಜಲದ ಸಾರ, ಉಪ್ಪು ಹೆಚ್ಚು. ಒಮ್ಮೊಮ್ಮೆ ಫಿನಾಯಿಲ್ ಇರುತ್ತದೆ. ಹಾಲಿನ ಕ್ಯಾನಿಗೆ ಸೋಪು ಹಾಕಿ ತೊಳೆದ ನೀರೂ ಬೇಡ. ಅವು ನೇಪಿಯರ್ ಹುಲ್ಲಿಗೆ ಹೋಗಲಿ.

ಸಸಿ ಬುಡ ಕೊಳೆತು ಬಿದ್ದರೆ

ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಬುಡದಲ್ಲಿ ಚಿವುಟಿದಂತಾಗಿ ಮಲಗಿದ್ದರೆ ಅದು ಬುಡ ಕೊಳೆ ರೋಗ. ಒತ್ತಾಗಿ ಬಿತ್ತಿದ್ದು, ಅತಿಯಾದ ನೀರು, ಗಾಳಿ ಬೆಳಕಿನ ಕೊರತೆ, ಕಳಿಯದ ಗೊಬ್ಬರ ಇವೇ ಕಾರಣ. ನೀರು ಕಡಿಮೆ ಮಾಡಿ. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ದೂರ ಹಾಕಿ. ಒತ್ತಾಗಿರುವ ಕಡೆ ತೆಳುವು ಮಾಡಿ. ರೋಗ ಬಿಡದಿದ್ದರೆ ಅದೇ ಮಡಿಯನ್ನು ನೆಚ್ಚಿ ಕೂರದೆ ಬೇರೆ ಜಾಗದಲ್ಲಿ ಹೊಸದಾಗಿ ಬೀಜ ಹಾಕಿ. ಹತ್ತು ಕಾಳನ್ನು ಯಾವಾಗಲೂ ಪೊಟ್ಟಣದಲ್ಲಿ ಉಳಿಸಿಕೊಂಡಿರಬೇಕು ಎನ್ನುವುದು ಇದಕ್ಕೇ.

ನಾಟಿ

ನಾಲ್ಕೈದು ಎಲೆ ಬಂದ, ಗಿಡ್ಡಗೆ ಗಟ್ಟಿಯಾಗಿರುವ ಸಸಿ ನಾಟಿಗೆ ಸರಿ. ನವಿಲುಕೋಸು ಮೂರು ವಾರ ಕಳೆಯುತ್ತಲೇ ಸಿದ್ಧವಾಗುತ್ತದೆ. ಹೂಕೋಸಿನ ಸಸಿಯನ್ನು ಮಡಿಯಲ್ಲಿ ಬಲಿಯಲು ಬಿಟ್ಟರೆ ಆಮೇಲೆ ನಿಂಬೆಹಣ್ಣಿನಷ್ಟೇ ಹೂ ಕಟ್ಟಿ ನಿಂತುಬಿಡುತ್ತದೆ. ನಾಟಿಗೆ ನಾಲ್ಕು ದಿನ ಮೊದಲು ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸಿ. ಕೀಳುವ ಹಿಂದಿನ ಗಂಟೆಯಲ್ಲಿ ಮಡಿಗೆ ಚೆನ್ನಾಗಿ ನೀರು ಹಾಕಿದರೆ ಬೇರು ಹರಿಯುವುದಿಲ್ಲ.

ನಾಟಿ ಸಂಜೆ ಮಾಡಿ. ಎಲೆಕೋಸಿಗೆ ಒಂದೂವರೆ ಅಡಿ, ಹೂಕೋಸಿಗೆ ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ನವಿಲುಕೋಸಿಗೆ ಸಾಲಿಗೆ ಒಂದಡಿ, ಗಿಡಕ್ಕೆ ಗೇಣು ಅಂತರ ಇರಲಿ. ಗುಣಿಗೆ ಎರಡು ಹಿಡಿ ಗೊಬ್ಬರ ಹಾಕಿ. ಮೂರು ವಾರದ ಮೇಲೆ ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬಹುದು, ಎಲೆಗೆ ತಾಗಿಸಬೇಡಿ. ನಾಟಿಯಾದ ಮೇಲೆ ನವಿಲುಕೋಸು ಒಂದೂವರೆ ತಿಂಗಳಲ್ಲಿ, ಎಲೆಕೋಸು ಎರಡು ತಿಂಗಳು ದಾಟಿದ ಮೇಲೆ ಕೊಯ್ಲಿಗೆ ಬರುತ್ತವೆ.

ನೇರ ಬಿತ್ತನೆ

ಜೋರು ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಶುರು ಮಾಡಿ. ಮೂಲಂಗಿ ಮೂರರಿಂದ ಐದು ದಿನದಲ್ಲಿ ಮೊಳೆತು 40–45 ದಿನಕ್ಕೆ ಕೀಳಲು ಬರುತ್ತದೆ. ಕ್ಯಾರೆಟ್ ಮೊಳೆಯಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಬೀಜ ಕೆಟ್ಟಿತೆಂದು ಮಡಿ ಅಗೆದು ಹಾಕಬೇಡಿ. ಕ್ಯಾರೆಟ್ ಸಾಲಿನಲ್ಲಿ ಅಲ್ಲಲ್ಲಿ ಮೂಲಂಗಿ ಕಾಳು ಹಾಕಿದರೆ ಅದು ಮೊದಲು ಹುಟ್ಟಿ ಸಾಲಿನ ಗುರುತು ತೋರಿಸುತ್ತದೆ, ಕ್ಯಾರೆಟ್ ದಪ್ಪವಾಗುವಷ್ಟರಲ್ಲಿ ಸಾರಿಗೆ ಹೋಗಿರುತ್ತದೆ. ಎರಡಕ್ಕೂ ಕಲ್ಲು ಆರಿಸಿದ ಸಡಿಲ ಮಣ್ಣು ಬೇಕು.

ಬೀಟ್‌ರೂಟಿನ ಒಂದು ಕಾಳು ಎಂದು ಕಾಣುವುದು ಎರಡು ಮೂರು ಬೀಜಗಳ ಗಂಟು. ಒಂದೇ ಕಡೆ ಮೂರು ಸಸಿ ಹುಟ್ಟಿದರೆ ಒಂದನ್ನು ಉಳಿಸಿ ಮಿಕ್ಕವನ್ನು ಸೊಪ್ಪಿಗೆ ಬಳಸಿ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಬಟಾಣಿಯನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಊರಿ. ಮೆಂತ್ಯ, ಪಾಲಕ್ ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಸೊಪ್ಪು, ಮೂಲಂಗಿಯನ್ನು ಹದಿನೈದು ದಿನಕ್ಕೊಂದು ಸಾಲಿನಂತೆ ಜನವರಿವರೆಗೆ ಬಿತ್ತುತ್ತಾ ಹೋದರೆ ಮನೆಯಲ್ಲಿ ಸೊಪ್ಪಿಲ್ಲದ ದಿನ ಇರುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿ. ಊಟವಾದ ಕೂಡಲೇ ಟೀ ಕುಡಿಯಬೇಡಿ. ಆಗ ಅದರಲ್ಲಿರುವ ಕಬ್ಬಿಣ ಮೈಗೆ ಹತ್ತುತ್ತದೆ.

ಹುಳು ಬಂದರೆ

ಕೋಸಿಗೆ ದೊಡ್ಡ ಶತ್ರು ಎಲೆಯನ್ನು ತೂತು ತೂತು ಮಾಡುವ ಸಣ್ಣ ಹಸಿರು ಹುಳು. ಅದರ ಪತಂಗಕ್ಕೆ ಕೋಸಿಗಿಂತ ಸಾಸಿವೆ ಗಿಡ ಇಷ್ಟ. ನಾಟಿಗೆ ಹದಿನೈದು ದಿನ ಮುಂಚೆ ಸುತ್ತ ಒಂದು ಸಾಲು ಸಾಸಿವೆ ಚೆಲ್ಲಿದರೆ ಮೊಟ್ಟೆ ಅಲ್ಲಿ ಇಡುತ್ತದೆ. ಹುಳು ತುಂಬಿದ ಸಾಸಿವೆ ಗಿಡ ಕಿತ್ತು ನಾಶ ಮಾಡಿ. ಕೋಸಿನ ಎಲೆ ಮಗುಚಿ ನೋಡಿ ಕೈಯಿಂದ ಆರಿಸಿ. ಒಂದು ಲೀಟರಿಗೆ 50 ಗ್ರಾಂ ಕುಟ್ಟಿದ ಬೇವಿನ ಬೀಜದ ತಿರುಳು ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಹೇನು ಕಂಡರೆ ನೀರನ್ನು ಜೋರಾಗಿ ಹಾಯಿಸಿ ಉದುರಿಸಿ.

ಹೊಲಕ್ಕೆ ತಂದ ಕೀಟನಾಶಕದಲ್ಲಿ ಉಳಿದದ್ದನ್ನು ಹಿತ್ತಲಿಗೆ ಹೊಡೆಯಬೇಡಿ. ಅದು ನಿಮ್ಮ ತಟ್ಟೆಗೂ ಬರುತ್ತದೆ, ಎಲೆ ತಿಂದ ಹಸುವಿನ ಹಾಲಿಗೂ ಇಳಿಯಬಹುದು. ಕಳೆನಾಶಕ ಹೊಡೆದ ಪಂಪನ್ನು ತರಕಾರಿಗೆ ತರಬೇಡಿ. ಔಷಧ ಕಲಸಿದ ಬಕೆಟ್ಟನ್ನು ಎಷ್ಟೇ ತೊಳೆದರೂ ಹಿಂಡಿ ಕಲಸಲು ಬಳಸಬೇಡಿ. ಔಷಧದ ಎಲೆ ತಿಂದ ಹಸು ಜೊಲ್ಲು ಸುರಿಸಿ, ಮೈ ನಡುಗಿಸಿ, ಉಸಿರಿಗೆ ಕಷ್ಟಪಟ್ಟರೆ ಒಂದು ಗಳಿಗೆಯೂ ಕಾಯದೆ 1962ಕ್ಕೆ ಕರೆ ಮಾಡಿ. ಔಷಧದ ಡಬ್ಬಿ ತೆಗೆದಿಡಿ. ಚಿಕಿತ್ಸೆ ಅದರ ಹೆಸರಿನ ಮೇಲೆ ನಿಂತಿದೆ.

ಮಿಕ್ಕ ಸೊಪ್ಪು ಹಸುವಿಗೆ

ಕೋಸಿನ ಹೊರಎಲೆ, ಮೂಲಂಗಿ ಸೊಪ್ಪು ಹಸುವಿಗೆ ಒಳ್ಳೆಯದೇ. ಆದರೆ ಈ ನಾಲ್ಕು ಮಾತು ನೆನಪಿರಲಿ.

ಒಂದು, ಗೆಡ್ಡೆಗಳನ್ನು ಇಡಿಯಾಗಿ ಹಾಕಲೇಬೇಡಿ. ಬೀಟ್‌ರೂಟ್, ನವಿಲುಕೋಸು ಗಂಟಲಲ್ಲಿ ಸಿಕ್ಕಿಕೊಂಡರೆ ತೇಗು ಹೊರಬರದೆ ಹೊಟ್ಟೆ ಉಬ್ಬಿ ಹಸು ಗಂಟೆಗಳಲ್ಲಿ ಸಾಯಬಹುದು. ತೆಳುವಾಗಿ ಹೆಚ್ಚಿ ಹಾಕಿ. ಹಸು ಕತ್ತು ಚಾಚಿ, ಜೊಲ್ಲು ಸುರಿಸಿ, ಎಡಹೊಟ್ಟೆ ಉಬ್ಬಿಸಿಕೊಂಡು ನಿಂತರೆ ಕೋಲು ತೂರಿಸಬೇಡಿ, ಎಣ್ಣೆ ನೀರು ಹುಯ್ಯಬೇಡಿ. ಕೂಡಲೇ ವೈದ್ಯರನ್ನು ಕರೆಸಿ.

ಎರಡು, ಕೋಸಿನ ಎಲೆ ದಿನದ ಹಸಿರು ಮೇವಿನ ಕಾಲು ಭಾಗ ಮೀರದಿರಲಿ, ಒಣ ಹುಲ್ಲಿನ ಜೊತೆ ಬೆರೆಸಿ. ಅತಿಯಾದರೆ ಹೊಟ್ಟೆ ಉಬ್ಬರ, ದಿನಗಟ್ಟಲೆ ಅತಿಯಾದರೆ ರಕ್ತ ಒಡೆಯುವ ತೊಂದರೆ ಬರುತ್ತದೆ. ಈರುಳ್ಳಿ ಸೊಪ್ಪು, ಗೆಡ್ಡೆ ಕೂಡ ಅದೇ ತೊಂದರೆ ತರುವುದರಿಂದ ಅವು ಬೇಡ.

ಮೂರು, ಬೀಟ್‌ರೂಟ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಈಗತಾನೆ ಕರು ಹಾಕಿದ ಹಸುವಿಗೆ ಅದನ್ನು ಹಾಕಬೇಡಿ. ಮೊದಲೇ ಹಾಲುಜ್ವರದ ಭಯ ಇರುವ ದಿನಗಳು ಅವು.

ನಾಲ್ಕು, ಕೋಸು, ಮೂಲಂಗಿ ಸೊಪ್ಪನ್ನು ಹಾಲು ಕರೆದ ಮೇಲೆ ಹಾಕಿ. ಕರೆಯುವ ಮೊದಲು ಹಾಕಿದರೆ ಅದರ ವಾಸನೆ ಹಾಲಿಗೆ ಬರುತ್ತದೆ, ಸಂಘದಲ್ಲಿ ಹಾಲು ವಾಪಸಾಗಬಹುದು.

ಮುಂದಿನ ವರ್ಷಕ್ಕೆ

ಮೆಂತ್ಯ, ಕೊತ್ತಂಬರಿ, ಪಾಲಕ್ ಸಾಲಿನಲ್ಲಿ ನಾಲ್ಕು ಒಳ್ಳೆಯ ಗಿಡಗಳನ್ನು ಕೊಯ್ಯದೆ ಬಿಟ್ಟು ಬೀಜ ಕಟ್ಟಲು ಬಿಡಿ. ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡಿ. ಎಲೆಕೋಸಿಗೆ ನಮ್ಮ ಚಳಿ ಸಾಲದು, ಅದು ಇಲ್ಲಿ ಬೀಜ ಕಟ್ಟುವುದಿಲ್ಲ; ಅದನ್ನು ಕೊಳ್ಳಲೇಬೇಕು. ಹೈಬ್ರಿಡ್ ಗಿಡದ ಬೀಜ ಇಟ್ಟರೆ ತಾಯಿಯ ಗುಣ ಬರುವುದಿಲ್ಲ.

ಈ ವಾರ ಎರಡೇ ಕೆಲಸ ಮಾಡಿ. ತಿಪ್ಪೆಯ ತಳದಿಂದ ಎರಡು ಮಂಕರಿ ಗೊಬ್ಬರ ತೆಗೆದು ಟ್ರೈಕೋಡರ್ಮಾ ಬೆರೆಸಿಡಿ. ಸಂಘಕ್ಕೆ ಹಾಲು ಹಾಕಲು ಹೋದಾಗ ಯಾರು ಯಾವ ಬೀಜ ತರುವುದೆಂದು ಮಾತಾಡಿಕೊಳ್ಳಿ. ಗೊಬ್ಬರ ಹದವಾಗುವ ಹೊತ್ತಿಗೆ ಬೀಜ ಕೈಯಲ್ಲಿರುತ್ತದೆ.